ಹಿಸೆ, ಬಕ್ಷೀಸು, ಮೃತ್ಯುಪತ್ರ: ಮಕ್ಕಳು ಮೊಮ್ಮಕ್ಕಳ ನಡುವೆ ನ್ಯಾಯವಾಗಿ ಕೊಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲಿನ ಅಡಿಕೆ ತೋಟದ ಮನೆಯಿರಲಿ, ಅಂಕೋಲಾ ಕಾರವಾರದ ಗದ್ದೆ ಮನೆಯಿರಲಿ, ಹಿಸೆಯ (ಆಸ್ತಿ ಪಾಲಿನ) ಜಗಳದ ಬೇರು ಹೆಚ್ಚಾಗಿ ಒಂದೇ ಕಡೆ ಇರುತ್ತದೆ. ಇಪ್ಪತ್ತು ವರ್ಷದ ಹಿಂದೆ ಯಾರಿಗೆ ಎಷ್ಟು ಕೊಟ್ಟಿತ್ತು, ಯಾವ ಲೆಕ್ಕದಲ್ಲಿ ಕೊಟ್ಟಿತ್ತು ಎಂಬುದು ಎಲ್ಲೂ ಬರೆದಿರುವುದಿಲ್ಲ. ಹಿರಿಯರು ಇರುವಾಗ ಅವರ ಮಾತೇ ದಾಖಲೆ. ಅವರು ಹೋದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ನೆನಪು. ಕೆಳಗಿನ ಉತ್ತರಗಳಲ್ಲಿ ಹಿಂದೂ ಕುಟುಂಬಗಳಿಗೆ ಅನ್ವಯಿಸುವ ಕಾನೂನನ್ನು ಮುಖ್ಯವಾಗಿ ಇಟ್ಟುಕೊಂಡಿದೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳ ಮತ್ತು ಗೋವಾದ ನಿಯಮಗಳು ಕೊನೆಯ ಭಾಗದಲ್ಲಿವೆ.

ಮಕ್ಕಳೆಲ್ಲರಿಗೂ ಸಮಸಮ ಕೊಟ್ಟರೆ ಮುಗಿಯಿತಲ್ಲ?

ಈಗ ಉಳಿದಿರುವುದನ್ನು ಮಾತ್ರ ಸಮ ಮಾಡಿದರೆ ಮುಗಿಯುವುದಿಲ್ಲ, ಹಿಂದೆ ಕೊಟ್ಟದ್ದೂ ಲೆಕ್ಕಕ್ಕೆ ಬರಬೇಕು. ಒಂದು ಮನೆಯಲ್ಲಿ ಮೂವರು ಮಕ್ಕಳು ಎಂದುಕೊಳ್ಳಿ. ದೊಡ್ಡವನಿಗೆ ಶಿರಸಿಯಲ್ಲಿ ಕೊಡಿಸಿದ ಸೈಟಿಗೆ ಇಂದಿನ ಬೆಲೆ 12 ಲಕ್ಷ, ಮಗಳಿಗೆ ಮದುವೆಯಲ್ಲಿ ಇಟ್ಟ ಬಂಗಾರಕ್ಕೆ 6 ಲಕ್ಷ, ಕಿರಿಯವನ ಅಂಗಡಿಗೆ ಹಾಕಿದ ಬಂಡವಾಳ 6 ಲಕ್ಷ. ತಂದೆಯ ಕೈಯಲ್ಲಿ ಈಗ ಉಳಿದದ್ದು 72 ಲಕ್ಷ. ಇದನ್ನೇ ಮೂರು ಪಾಲು ಮಾಡಿದರೆ ತಲೆಗೆ 24 ಲಕ್ಷ ಬಂದು, ದೊಡ್ಡವನ ಒಟ್ಟು 36 ಆಗುತ್ತದೆ, ಉಳಿದಿಬ್ಬರದು 30ಕ್ಕೆ ನಿಲ್ಲುತ್ತದೆ. ಬದಲಿಗೆ ಕೊಟ್ಟದ್ದನ್ನೆಲ್ಲ ಕೂಡಿಸಿ 96 ಲಕ್ಷ ಎಂದು ಹಿಡಿದರೆ ತಲೆಗೆ 32. ಆಗ ಉಳಿದ 72ರಲ್ಲಿ ದೊಡ್ಡವನಿಗೆ 20, ಮಗಳಿಗೆ 26, ಕಿರಿಯವನಿಗೆ 26.

ಈ ಹೊಂದಾಣಿಕೆಯನ್ನು ಕಾನೂನು ತಾನಾಗಿ ಮಾಡಿಕೊಡುವುದಿಲ್ಲ. ಮೃತ್ಯುಪತ್ರ ಇಲ್ಲದೆ ತಂದೆ ತೀರಿಕೊಂಡರೆ ಸ್ವಯಾರ್ಜಿತ ಆಸ್ತಿ ವಾರಸುದಾರರಿಗೆ ಸಮವಾಗಿ ಹೋಗುತ್ತದೆ, ಬದುಕಿದ್ದಾಗ ಕೊಟ್ಟ ಬಕ್ಷೀಸನ್ನು ಕಳೆಯುವ ನಿಯಮ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಇಲ್ಲ. ಕಳೆಯಬೇಕೆಂದಿದ್ದರೆ ಹಿರಿಯರೇ ಮೃತ್ಯುಪತ್ರದಲ್ಲಿ ಬರೆಯಬೇಕು.

ಹಳೆಯ ಕೊಡುಗೆಗೆ ಬೆಲೆ ಕಟ್ಟುವುದು ಹೇಗೆ?

ಜಗಳ ಕಾಯುವುದು ಇಲ್ಲೇ. ಬಂಗಾರವನ್ನು ರೂಪಾಯಿಯಲ್ಲಿ ಬರೆದಿಡಬೇಡಿ, ಗ್ರಾಂನಲ್ಲಿ ಬರೆದಿಡಿ. "80 ಗ್ರಾಂ" ಎಂದು ಬರೆದಿದ್ದರೆ ಹಿಸೆಯ ದಿನದ ದರ ಹಾಕಿ ನೋಡಬಹುದು. "2 ಲಕ್ಷದ ಬಂಗಾರ" ಎಂದಿದ್ದರೆ ಯಾವ ವರ್ಷದ 2 ಲಕ್ಷ ಎಂಬಲ್ಲಿಂದ ವಾದ ಶುರು. ಸೈಟು, ಬಂಗಾರದಂತೆ ಇನ್ನೂ ಉಳಿದಿರುವ ವಸ್ತುವಿಗೆ ಇಂದಿನ ಬೆಲೆ ಹಿಡಿಯಿರಿ. ಖರ್ಚಾಗಿ ಹೋದ ಹಣಕ್ಕೆ ಕೊಟ್ಟ ಮೊತ್ತದ ಮೇಲೆ ಬ್ಯಾಂಕ್ ಠೇವಣಿಯ ಬಡ್ಡಿ ಸೇರಿಸಿದರೆ ಸಾಕು. ಯಾವ ಪದ್ಧತಿ ಆರಿಸಿದರೂ ಎಲ್ಲ ಮಕ್ಕಳಿಗೂ ಅದೇ ಇರಲಿ.

ಓದಿಸಿದ ಖರ್ಚನ್ನು ಸೇರಿಸಬೇಕೇ? ನಮ್ಮ ಅಭಿಪ್ರಾಯದಲ್ಲಿ ಎಲ್ಲರಿಗೂ ಓದುವ ಅವಕಾಶ ಇದ್ದು, ಒಬ್ಬ ಪಿಯುಸಿಗೆ ನಿಲ್ಲಿಸಿ ಇನ್ನೊಬ್ಬ ಇಂಜಿನಿಯರಿಂಗ್ ಓದಿದ್ದರೆ ಸೇರಿಸುವುದು ಬೇಡ. ಆದರೆ ಮನೆಯಲ್ಲಿ ದುಡ್ಡಿಲ್ಲವೆಂದು ಅಕ್ಕನನ್ನು ಬಿಡಿಸಿ ತಮ್ಮನನ್ನು ಓದಿಸಿದ್ದರೆ ಅದು ಬೇರೆ ಮಾತು. ಅದನ್ನು ಲೆಕ್ಕಕ್ಕೆ ತರಲೇಬೇಕು.

ಕೊಟ್ಟದ್ದು ಸಾಲವೋ ಉಡುಗೊರೆಯೋ ಗೊತ್ತಾಗದಿದ್ದರೆ?

ಕೊಡುವ ದಿನವೇ ಒಂದು ವಹಿಯಲ್ಲಿ ನಾಲ್ಕು ಸಾಲು ಬರೆಯಿರಿ: ತಾರೀಖು, ಯಾರಿಗೆ, ಎಷ್ಟು, ಯಾವ ಲೆಕ್ಕಕ್ಕೆ. ಕೊನೆಯದಕ್ಕೆ ಮೂರೇ ಉತ್ತರ ಇರಬೇಕು: ಉಡುಗೊರೆ, ಸಾಲ, ಅಥವಾ ಹಿಸೆಯಲ್ಲಿ ಮುಂಗಡ. ಪಡೆದವರ ಸಹಿ ಹಾಕಿಸಿ, ಉಳಿದ ಮಕ್ಕಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಆ ಪುಟದ ಫೋಟೋ ಕಳಿಸಿ. ಗುಟ್ಟಾಗಿ ಕೊಟ್ಟದ್ದು ಎಷ್ಟು ಚಿಕ್ಕದಿದ್ದರೂ ಮುಂದೆ ದೊಡ್ಡದಾಗಿ ಕಾಣುತ್ತದೆ.

ಸಾಲವಾದರೆ ಕೈಸಾಲದ ಪತ್ರಕ್ಕೆ ವಾಯಿದೆ 3 ವರ್ಷ. ಅದು ಮುಗಿಯುವ ಮೊದಲು ಹೊಸದಾಗಿ ಬರೆಸಬೇಕು, ಅಥವಾ ಬಾಕಿ ಇದೆ ಎಂದು ಸಹಿ ಮಾಡಿಸಬೇಕು. ವಾಯಿದೆ ಮೀರಿದರೆ ಕೋರ್ಟಿನಲ್ಲಿ ವಸೂಲಿ ಆಗದು. ಆದರೂ ಮೃತ್ಯುಪತ್ರದಲ್ಲಿ ಆ ಮೊತ್ತ ಹಿಡಿದು ಕಡಿಮೆ ಪಾಲು ಬರೆಯಲು ಹಿರಿಯರಿಗೆ ಅಡ್ಡಿಯಿಲ್ಲ.

ಮನೆಯಲ್ಲೇ ಉಳಿದು ತೋಟ ನೋಡಿಕೊಂಡ ಮಗನಿಗೆ ಹೆಚ್ಚು ಕೊಡಬೇಕೇ?

ಬೆಂಗಳೂರಿನಲ್ಲಿರುವ ಅಣ್ಣ ತಮ್ಮಂದಿರು ಇದನ್ನು ಸಮಾಧಾನದಿಂದ ಓದಬೇಕು. ಅಡಿಕೆಗೆ ಕೊಳೆರೋಗದ ಮದ್ದು ಹೊಡೆಸಿ, ಕೊನೆ (ಗೊನೆ) ಕೊಯ್ಸಿ, ಸುಲಿಸಿ, ಒಣಗಿಸಿ, ನಡುವೆ ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವನ ದುಡಿಮೆಗೆ ಬೆಲೆ ಇದೆ. ಹಾಗೆಂದು ಬಾಯಿ ಮಾತಿನಲ್ಲಿ "ಅವನಿಗೆ ಜಾಸ್ತಿ" ಎಂದರೆ ಉಳಿದವರಿಗೆ ಎಷ್ಟು, ಏಕೆ ಎಂದು ತಿಳಿಯುವುದಿಲ್ಲ.

ಎರಡು ಪ್ರಶ್ನೆ ಕೇಳಿ. ಮೊದಲನೆಯದು, ತೋಟದ ಉತ್ಪನ್ನ ಯಾರ ಕೈಗೆ ಹೋಯಿತು? ಅಡಿಕೆ ಮಾರುವ ಸೊಸೈಟಿಯ ಪಟ್ಟಿಗಳನ್ನು ತೆಗೆದರೆ ಯಾವ ವರ್ಷ ಎಷ್ಟು ಕ್ವಿಂಟಾಲ್ ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ), ಎಷ್ಟು ರಾಶಿ (ಬೇಯಿಸಿದ ಕೆಂಪು ಅಡಿಕೆ) ಹೋಯಿತು, ದುಡ್ಡು ಯಾರ ಖಾತೆಗೆ ಬಂತು ಎಂಬುದು ಕಾಣುತ್ತದೆ. ಆಳಿನ ಖರ್ಚು, ಗೊಬ್ಬರ, ಮದ್ದು ಕಳೆದು ಉಳಿದದ್ದನ್ನು ಮಗನೇ ಇಟ್ಟುಕೊಂಡಿದ್ದರೆ ಅದೇ ಅವನ ಸಂಬಳ, ಮತ್ತೆ ಪಾಲಿನಲ್ಲಿ ಕೇಳುವಂತಿಲ್ಲ. ತಂದೆಯ ಖಾತೆಗೆ ಹೋಗಿದ್ದರೆ ತಿಂಗಳಿಗೆ ಇಷ್ಟು ಎಂದು ಒಪ್ಪಿ, ವರ್ಷಗಳಿಂದ ಗುಣಿಸಿ, ಹಿಸೆಗೆ ಮೊದಲೇ ಅವನಿಗೆ ಎತ್ತಿಡಿ. ಎರಡನೆಯದು, ಅವನು ಹೊಸದಾಗಿ ಕಟ್ಟಿದ್ದೇನು? ಗದ್ದೆಯನ್ನು ತೋಟ ಮಾಡಿದ್ದರೆ, ಬಾವಿ ತೋಡಿಸಿದ್ದರೆ, ಅದಕ್ಕೆ ದುಡ್ಡು ಎಲ್ಲಿಂದ ಬಂತು ಎಂದು ನೋಡಿ, ಅವನ ಸ್ವಂತದ್ದಾದರೆ ಆ ಭಾಗವನ್ನು ಅವನ ಪಾಲಿಗೇ ಹಾಕಿ.

ಮದುವೆಯಾದ ಮಗಳಿಗೆ ಪಾಲು ಇದೆಯೇ? ಮದುವೆ ಖರ್ಚು ಮಾಡಿದ್ದೇವಲ್ಲ?

ಇದೆ. 9 ಸೆಪ್ಟೆಂಬರ್ 2005ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹುಟ್ಟುಹಕ್ಕು. ಆ ದಿನ ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ 11 ಆಗಸ್ಟ್ 2020ರಂದು ಹೇಳಿತು. 20 ಡಿಸೆಂಬರ್ 2004ಕ್ಕಿಂತ ಮೊದಲೇ ನೋಂದಾಯಿತ ಪತ್ರದ ಮೂಲಕವೋ ಕೋರ್ಟ್ ಡಿಕ್ರಿಯಿಂದಲೋ ಹಿಸೆ ಆಗಿದ್ದರೆ ಅದನ್ನು ಈ ಕಾನೂನು ಕೆದಕುವುದಿಲ್ಲ. "ನಮ್ಮಲ್ಲಿ 1998ರಲ್ಲೇ ಬಾಯಿಮಾತಿನ ಹಿಸೆ ಆಗಿತ್ತು" ಎಂಬ ವಾದ ಸಾಮಾನ್ಯವಾಗಿ ನಿಲ್ಲದು.

ಮದುವೆ ಊಟದ ಖರ್ಚು ಮಗಳ ಪಾಲಾಗುವುದಿಲ್ಲ. ಅದು ಅವಳ ಕೈಗೆ ಬಂದ ಆಸ್ತಿಯಲ್ಲ, ಮಗನ ಮದುವೆಯ ಊಟಕ್ಕೂ ಖರ್ಚಾಗಿದೆ. ಬಂಗಾರ ಬೇರೆ. ಅದು ಅವಳ ಸ್ತ್ರೀಧನ, ನ್ಯಾಯದ ಲೆಕ್ಕದಲ್ಲಿ ಹಿಡಿಯಬಹುದು. ಆದರೆ ಸೊಸೆಗೆ ನಮ್ಮ ಮನೆಯಿಂದ ಹಾಕಿದ್ದನ್ನೂ ಮಗನ ಕಡೆ ಹಿಡಿಯಬೇಕು.

ಅಕ್ಕತಂಗಿಯರು "ನಮಗೆ ಬೇಡ" ಎಂದಿದ್ದಾರೆ. ಸಾಕೇ?

ಸಾಲದು. ಸ್ಥಿರಾಸ್ತಿಯ ಹಕ್ಕು ಬಿಡುವುದು ನೋಂದಾಯಿತ ಹಕ್ಕು ಬಿಡುಗಡೆ ಪತ್ರದಿಂದ ಮಾತ್ರ. ಚೌತಿ ಹಬ್ಬಕ್ಕೆ ಬಂದಾಗ ಬಿಳಿ ಹಾಳೆಯ ಮೇಲೆ ಹಾಕಿಸಿಕೊಂಡ ಸಹಿಗೆ ಬೆಲೆಯಿಲ್ಲ. ಇನ್ನೊಂದು ತಪ್ಪು ಹೆಚ್ಚು ನಡೆಯುತ್ತದೆ: ತಂದೆ ಬದುಕಿರುವಾಗಲೇ ಅವರ ಸ್ವಯಾರ್ಜಿತಕ್ಕೆ ಮಗಳಿಂದ ಹಕ್ಕು ಬಿಡಿಸಿಕೊಳ್ಳುವುದು. ಇನ್ನೂ ಬಾರದ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ.

ಸಹಿಗೆ ಮೊದಲು ಆಸ್ತಿಯ ಪೂರ್ತಿ ಪಟ್ಟಿಯನ್ನು, ಸರ್ವೆ ನಂಬರ್ ಮತ್ತು ಅಂದಾಜು ಬೆಲೆಯೊಂದಿಗೆ, ಅವರ ಕೈಗೆ ಕೊಡಿ, ಒಂದು ವಾರ ಬಿಡಿ. ಸೀರೆ, ಬಳೆ, ಅರಿಶಿನ ಕುಂಕುಮಕ್ಕೆ ಹಕ್ಕು ಬಿಡುವ ತಂಗಿ ಮನಸಾರೆ ಬಿಟ್ಟಿದ್ದರೆ ಸರಿ. ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಬಿಟ್ಟಿದ್ದರೆ ಅದು ಅನ್ಯಾಯ, ಪತ್ರ ಎಷ್ಟೇ ಸರಿಯಾಗಿ ನೋಂದಣಿಯಾಗಿರಲಿ.

ಅಜ್ಜನ ಆಸ್ತಿಯಲ್ಲಿ ಮೊಮ್ಮಕ್ಕಳಿಗೆ ಹಕ್ಕು ಇದೆಯೇ?

ಆಸ್ತಿ ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ. ಅಜ್ಜ ಸ್ವಂತ ದುಡಿಮೆಯಿಂದ ಕೊಂಡದ್ದರಲ್ಲಿ, ಮೊಮ್ಮಗನ ತಂದೆ (ಮಗಳ ಮಗನಾದರೆ ತಾಯಿ) ಬದುಕಿರುವಾಗ, ಅವನಿಗೆ ಹಕ್ಕಿಲ್ಲ. ಅಜ್ಜ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವರ ಹೆಂಡತಿ, ಪ್ರತಿ ಮಗ, ಪ್ರತಿ ಮಗಳು, ಮತ್ತು ಅವರ ತಾಯಿ ಬದುಕಿದ್ದರೆ ಆ ತಾಯಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ವಯಸ್ಸಾದ ತಾಯಿಯನ್ನು ವಂಶವೃಕ್ಷದಲ್ಲಿ ಬಿಟ್ಟುಬಿಡುವುದು ಕಂಡುಬರುವ ತಪ್ಪು. ಮೊದಲೇ ತೀರಿಕೊಂಡ ಮಗನಿದ್ದರೆ ಅವನ ಒಂದು ಪಾಲನ್ನು ಅವನ ಹೆಂಡತಿ ಮಕ್ಕಳು ಹಂಚಿಕೊಳ್ಳುತ್ತಾರೆ. ದತ್ತು ಮಕ್ಕಳಿಗೂ ಹೊಟ್ಟೆಯ ಮಕ್ಕಳಷ್ಟೇ ಹಕ್ಕು.

ಪಿತ್ರಾರ್ಜಿತದಲ್ಲಿ ಮೊಮ್ಮಕ್ಕಳಿಗೆ ಹುಟ್ಟುಹಕ್ಕು ಇರಬಹುದು. ಅಂಥ ಆಸ್ತಿಯನ್ನು ಯಜಮಾನ ಪ್ರೀತಿಯಿಂದ ಯಾರಿಗೋ ಪೂರ್ತಿ ಬಕ್ಷೀಸು ಬರೆಯಲು ಬರುವುದಿಲ್ಲ. ಮೃತ್ಯುಪತ್ರದಲ್ಲೂ ತನ್ನ ಪಾಲನ್ನಷ್ಟೇ ಬರೆಯಬಹುದು.

ಮೊಮ್ಮಕ್ಕಳಿಗೆ ಕೊಡುವಾಗ ತಲೆ ಲೆಕ್ಕವೇ, ಕವಲಿನ ಲೆಕ್ಕವೇ?

ಅಜ್ಜಿ 6 ಲಕ್ಷ ಕೊಡಬೇಕೆಂದಿದ್ದಾರೆ. ಮಗನಿಗೆ ಒಬ್ಬಳೇ ಮಗಳು, ದೊಡ್ಡ ಮಗಳಿಗೆ ಮೂವರು, ಚಿಕ್ಕ ಮಗಳಿಗೆ ಮಕ್ಕಳಿಲ್ಲ. ತಲೆ ಲೆಕ್ಕ ಹಾಕಿದರೆ ನಾಲ್ವರಿಗೂ ಒಂದೂವರೆ ಲಕ್ಷ. ಆಗ ದೊಡ್ಡ ಮಗಳ ಮನೆಗೆ ನಾಲ್ಕೂವರೆ ಹೋಗುತ್ತದೆ, ಚಿಕ್ಕ ಮಗಳಿಗೆ ಏನೂ ಇಲ್ಲ. ಕವಲಿನ ಲೆಕ್ಕದಲ್ಲಿ ಮನೆಗೆ 2 ಲಕ್ಷ. ಆಗ ಒಂದು ಕೂಸಿಗೆ 2 ಲಕ್ಷ, ಇನ್ನೊಂದು ಮನೆಯ ಮಕ್ಕಳಿಗೆ ತಲಾ 66 ಸಾವಿರ ಚಿಲ್ಲರೆ, ಮಕ್ಕಳು ತಮ್ಮ ತಮ್ಮಲ್ಲೇ ಹೋಲಿಸಿಕೊಳ್ಳುತ್ತಾರೆ.

ಎರಡನ್ನೂ ಬೇರೆ ಮಾಡಿದರೆ ಹಗುರ. ದೊಡ್ಡ ಮೊತ್ತ ಕವಲಿನ ಲೆಕ್ಕದಲ್ಲಿ ಮಕ್ಕಳಿಗೇ ಹೋಗಲಿ, ಮಕ್ಕಳಿಲ್ಲದ ಮಗಳಿಗೂ ಅಷ್ಟೇ. ಮೊಮ್ಮಕ್ಕಳಿಗೆ ಒಂದೇ ವಯಸ್ಸಿನಲ್ಲಿ ಒಂದೇ ಕೊಡುಗೆ ಇರಲಿ: ಉಪನಯನಕ್ಕೆ, ಎಸ್‌ಎಸ್‌ಎಲ್‌ಸಿಗೆ, ಅಥವಾ 18 ತುಂಬಿದ ದಿನ. ಉಪನಯನಕ್ಕೆ ಮೊಮ್ಮಗನಿಗೆ ಕೊಟ್ಟರೆ ಅದೇ ವಯಸ್ಸಿಗೆ ಮೊಮ್ಮಗಳಿಗೂ ಕೊಡಿ. ಚಿಕ್ಕ ಮೊಮ್ಮಗುವಿನ ಸರದಿ ಬರುವಷ್ಟರಲ್ಲಿ ಅಜ್ಜಿ ಇಲ್ಲದಿರಬಹುದು, ಆದ್ದರಿಂದ ಉಳಿದವರ ಮೊತ್ತವನ್ನು ಮೃತ್ಯುಪತ್ರದಲ್ಲಿ ಬರೆದಿಡಿ.

ಚಿಕ್ಕ ಮೊಮ್ಮಗನ ಹೆಸರಿಗೆ ಜಾಗ ಬರೆಯಬಹುದೇ?

ಬರೆಯಬಹುದು. ಆದರೆ 18 ತುಂಬುವವರೆಗೆ ಅದನ್ನು ಮಾರಲು, ಅಡವಿಡಲು ಪಾಲಕರಿಗೆ ಕೋರ್ಟಿನ ಅನುಮತಿ ಬೇಕು. ಅನುಮತಿ ಇಲ್ಲದೆ ಮಾರಿದರೆ ಹುಡುಗ ದೊಡ್ಡವನಾದ ಮೇಲೆ ಮೂರು ವರ್ಷದೊಳಗೆ ರದ್ದು ಕೇಳಬಹುದು. ತುರ್ತಿಗೆ ಆ ಜಾಗವನ್ನೇ ನಂಬಿಕೊಂಡ ಮನೆಗೆ ಇದು ಗಂಟಲ ಮುಳ್ಳು. ಹಣವಾದರೆ ಸರಳ. ಹೆಣ್ಣು ಮಗುವಿಗೆ 10 ವರ್ಷದೊಳಗೆ ಸುಕನ್ಯಾ ಸಮೃದ್ಧಿ ಖಾತೆ ತೆರೆದು, ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ ಹಾಕಬಹುದು. ಖಾತೆ ತೆರೆಯಬೇಕಾದವರು ತಂದೆ ತಾಯಿ ಅಥವಾ ಕಾನೂನುಬದ್ಧ ಪಾಲಕರು. ಅಜ್ಜ ಅಜ್ಜಿ ದುಡ್ಡು ಕೊಡಬಹುದು, ಅಜ್ಜ ಅಜ್ಜಿ ಎಂಬ ಕಾರಣಕ್ಕೆ ತಾವೇ ಖಾತೆ ತೆರೆಯಲು ಬರುವುದಿಲ್ಲ.

ಬಕ್ಷೀಸು ಪತ್ರ ಮಾಡುವುದೋ, ಮೃತ್ಯುಪತ್ರ ಬರೆಯುವುದೋ?

ಇರಲು ಅದೊಂದೇ ಮನೆ, ಜೀವನಕ್ಕೆ ಅದೊಂದೇ ತೋಟ ಎಂದಿದ್ದರೆ ಮೃತ್ಯುಪತ್ರ. ಬಕ್ಷೀಸು ಅಥವಾ ದಾನಪತ್ರ ನೋಂದಣಿಯಾಗಿ, ಪಡೆದವರು ಒಪ್ಪಿಕೊಂಡ ಮೇಲೆ ಮನಸ್ಸು ಬದಲಾಯಿತೆಂದು ಒಬ್ಬರೇ ಹೋಗಿ ರದ್ದು ಮಾಡಲು ಬರುವುದಿಲ್ಲ. ಮೃತ್ಯುಪತ್ರವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಅದಕ್ಕೆ ಸ್ಟಾಂಪ್ ಪೇಪರ್ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು. ಸಾಕ್ಷಿಗಳು ಆಸ್ತಿ ಪಡೆಯದವರು, ಬರೆಯುವವರಿಗಿಂತ ಚಿಕ್ಕ ವಯಸ್ಸಿನವರು ಇರಲಿ. ಎಂಬತ್ತು ದಾಟಿದವರಾದರೆ ಅದೇ ದಿನದ ವೈದ್ಯರ ಪ್ರಮಾಣಪತ್ರ ಮಾಡಿಸಿ, ನೋಂದಣಿಯನ್ನೂ ಮಾಡಿಸಿ. ಒಬ್ಬ ಮಗನಿಗೆ ಕಡಿಮೆ ಬರೆದಿದ್ದರೆ ಕಾರಣವನ್ನು ಎರಡು ಸಾಲಲ್ಲಿ ಅಲ್ಲೇ ಹೇಳಿ. ಕಾರಣವಿಲ್ಲದೆ ಒಬ್ಬರನ್ನು ಬಿಟ್ಟ ಮೃತ್ಯುಪತ್ರವನ್ನು ಕೋರ್ಟು ಅನುಮಾನದಿಂದ ನೋಡುತ್ತದೆ.

ಈಗಲೇ ಬರೆದುಕೊಡಲೇಬೇಕೆಂದಿದ್ದರೆ ಎರಡು ಮಾತು ಪತ್ರದ ಒಳಗೇ ಇರಲಿ. "ದಾನಿಗಳಿಗೆ ಜೀವನಪರ್ಯಂತ ಈ ಮನೆಯಲ್ಲಿ ವಾಸಿಸುವ ಮತ್ತು ತೋಟದ ಉತ್ಪನ್ನ ಅನುಭವಿಸುವ ಹಕ್ಕು ಇದೆ" ಎಂಬುದೊಂದು. "ದಾನ ಪಡೆದವರು ದಾನಿಗಳಿಗೆ ಊಟ, ವಸತಿ, ಬಟ್ಟೆ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು, ಈ ಷರತ್ತಿನ ಮೇಲೆ ಈ ದಾನ" ಎಂಬುದು ಇನ್ನೊಂದು. 60 ದಾಟಿದವರು ಆರೈಕೆ ಸಿಗದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ಪತ್ರವನ್ನು ಅನೂರ್ಜಿತ ಮಾಡಿಸಬಹುದು. ಷರತ್ತು ಬರೆದಿರದಿದ್ದರೆ ಆ ದಾರಿ ಬಹಳ ಕಷ್ಟ.

ಕರ್ನಾಟಕದಲ್ಲಿ ಹತ್ತಿರದ ಕುಟುಂಬದವರಿಗೆ ಮಾಡುವ ದಾನಪತ್ರದ ಮುದ್ರಾಂಕ ಶುಲ್ಕ ನಿಗದಿತ ಮೊತ್ತ, ಆಸ್ತಿ ಬೆಲೆಯ ಶೇಕಡಾ ಲೆಕ್ಕ ಅಲ್ಲ. ಅಳಿಯನ ಹೆಸರಿಗೆ ಬರೆಯುವುದಾದರೆ ಅವನು ಆ ಪಟ್ಟಿಯಲ್ಲಿ ಬರುತ್ತಾನೆಯೇ ಎಂದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಅಡಿಕೆ ತೋಟ ಹಂಚುವಾಗ ಏನು ತಪ್ಪುತ್ತದೆ?

ಎಕರೆ ಸಮ ಮಾಡಿ, ನೀರು ದಾರಿ ಮರೆಯುವುದು. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ, ಗುಂಟೆಗೆ 13. ಆದರೆ ಹತ್ತು ಗುಂಟೆಯ ಎರಡು ತುಂಡು ಒಂದೇ ಬೆಲೆಯವಲ್ಲ. ಅಳತೆಗೆ ಮೊದಲು ಮರ ಎಣಿಸಿ: ಫಲ ಬಿಡುವ ಮರ, ಇನ್ನೂ ಫಲಕ್ಕೆ ಬಾರದ ಸಸಿ, ಉದ್ದವಾಗಿ ಕೊನೆ ಕೊಯ್ಯಲು ಆಗದ ಹಳೆ ಮರ. ಕಾಳುಮೆಣಸಿನ ಬಳ್ಳಿಯಿರುವ ಮರಗಳನ್ನು ಬೇರೆ ಎಣಿಸಿ. ಹಳ್ಳದ ನೀರು ಮೇಲಿನ ತುಂಡಿಗೆ ಮೊದಲು ಸಿಕ್ಕರೆ, ಬೇಸಿಗೆಯಲ್ಲಿ ಕೆಳಗಿನವನಿಗೆ ವಾರದ ಯಾವ ದಿನ ಎಂಬುದು ವಾಟ್ಣಿ ಪತ್ರದಲ್ಲೇ (ಹಿಸೆ ಪತ್ರದಲ್ಲೇ) ಬರಲಿ. ಗಾಡಿ ಹೋಗುವ ದಾರಿಯ ಅಗಲವನ್ನು ಅಡಿಯಲ್ಲಿ ಬರೆಯಿರಿ. "ರೂಢಿಯಲ್ಲಿದ್ದಂತೆ" ಎಂದು ಬರೆದರೆ ಮುಂದಿನ ತಲೆಮಾರು ಕೋರ್ಟಿಗೆ ಹೋಗುತ್ತದೆ. ಅಡಿಕೆ ಒಣಗಿಸುವ ಅಂಗಳ, ಕೊಟ್ಟಿಗೆ, ಬಾವಿ, ಪಂಪ್‌ಸೆಟ್ಟಿನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಕೂಡ ಯಾರಿಗೆ ಎಂದು ಬರಲಿ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು) ಮಾಲ್ಕಿ ಜಾಗವಲ್ಲ, ತೋಟಕ್ಕೆ ಅಂಟಿದ ಸೌಲಭ್ಯ. ಅದನ್ನು ತೋಟದ ಪಾಲಿನ ಪ್ರಮಾಣದಲ್ಲೇ ಬಳಸುವಂತೆ ಬರೆಯಿರಿ.

ಪಾಲು ಮಾಡುವವನು ಒಬ್ಬ, ಆರಿಸುವವನು ಇನ್ನೊಬ್ಬ ಎಂಬ ಹಳೆಯ ಪದ್ಧತಿ ಇಬ್ಬರಿದ್ದಾಗ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಮೂವರಿದ್ದರೆ ಚೀಟಿ ಎತ್ತಿ. ಹೆಚ್ಚು ಬೆಲೆಯ ತುಂಡು ಬಂದವನು ಉಳಿದವರಿಗೆ ಹಣ ತುಂಬಿಕೊಡಲಿ, ಅದರ ಗಡುವು ಪತ್ರದಲ್ಲಿರಲಿ. ಸರ್ವೆ ನಂಬರ್ ಒಡೆಯಬೇಕಾದರೆ ನೋಂದಣಿಗೆ ಮೊದಲು 11ಇ ನಕ್ಷೆ (ತುಂಡು ಮಾಡಿದ್ದನ್ನು ತೋರಿಸುವ ಸರ್ವೆ ಇಲಾಖೆಯ ನಕ್ಷೆ) ಬೇಕು. ಪಹಣಿಯ ಋಣದ ಕಾಲಂನಲ್ಲಿ ಸೊಸೈಟಿಯ ಬೋಜಾ (ಸಾಲದ ಹೊರೆ) ಇದ್ದರೆ ಸಾಲ ಯಾರ ತಲೆಗೆ ಎಂಬುದನ್ನೂ ಬರೆಯಿರಿ.

ಅತಿಕ್ರಮಣ ಜಾಗ, ಗೇಣಿ ಜಮೀನು, ಪರಿಹಾರದ ಹಣ ಹೇಗೆ?

ಅರಣ್ಯ ಅತಿಕ್ರಮಣದ ಜಾಗಕ್ಕೆ ಮಾಲ್ಕಿ ಇಲ್ಲ, ಬಕ್ಷೀಸು ಪತ್ರ ಮಾಡಲು ಬರುವುದಿಲ್ಲ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೆ ಅದು ವಾರಸುದಾರರಿಗೆ ಬರುತ್ತದೆ, ಮಾರಾಟ ಮತ್ತು ಪರಭಾರೆ ಇಲ್ಲ. ಭೂಸುಧಾರಣೆಯಲ್ಲಿ ನಮೂನೆ 7 (ಗೇಣಿದಾರನ ಹಕ್ಕಿನ ಅರ್ಜಿ) ಹಾಕಿದ ಅಣ್ಣನ ಹೆಸರಿಗೆ ಜಮೀನು ಬಂದಿದ್ದರೂ, ಗೇಣಿ ಕೂಡು ಕುಟುಂಬದ್ದಾಗಿದ್ದರೆ ತಮ್ಮಂದಿರಿಗೂ ಅದರಲ್ಲಿ ಪಾಲು ಇದೆ. ಪಹಣಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಒಬ್ಬನೇ ಮಾಲೀಕ ಆಗುವುದಿಲ್ಲ. ಸೀಬರ್ಡ್ ನೌಕಾನೆಲೆ, ಹೆದ್ದಾರಿ ಅಥವಾ ಬೇರೆ ಯೋಜನೆಗೆ ಜಮೀನು ಹೋಗಿ ಬಂದ ಪರಿಹಾರಕ್ಕೂ ಇದೇ ಮಾತು: ಜಮೀನಿನಲ್ಲಿ ಯಾರಿಗೆ ಎಷ್ಟು ಪಾಲೋ ಹಣದಲ್ಲೂ ಅಷ್ಟೇ, ಕೋರ್ಟಿನಿಂದ ಆಮೇಲೆ ಹೆಚ್ಚಾಗಿ ಬಂದದ್ದೂ ಸೇರಿ.

ನಾಮಿನಿ ಯಾರೋ ಹಣ ಅವರದ್ದೇ ಅಲ್ಲವೇ?

ಅಲ್ಲ. ಬ್ಯಾಂಕ್ ಠೇವಣಿ, ಶೇರುಗಳಲ್ಲಿ ನಾಮಿನಿ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು. ಜೀವವಿಮೆಯಲ್ಲಿ ಮಾತ್ರ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆ ತಾಯಿ ನಾಮಿನಿಯಾಗಿದ್ದರೆ ಹಣ ಅವರದ್ದೇ ಆಗುತ್ತದೆ. ಮೃತ್ಯುಪತ್ರ ಒಬ್ಬರಿಗೆ, ನಾಮಿನಿ ಇನ್ನೊಬ್ಬರು ಎಂದು ಬಿಟ್ಟಿದ್ದರೆ ಇಬ್ಬರ ನಡುವೆ ಮನಸ್ತಾಪ ಗ್ಯಾರಂಟಿ. ಎರಡನ್ನೂ ಒಟ್ಟಿಗೆ ಸರಿಪಡಿಸಿ.

ತೆರಿಗೆ ಬೀಳುತ್ತದೆಯೇ?

ವಾರಸಾಗಿ ಬಂದದ್ದಕ್ಕೆ ತೆರಿಗೆ ಇಲ್ಲ, ತೀರಿಕೊಂಡವರ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ತಂದೆ ತಾಯಿ, ಅಜ್ಜ ಅಜ್ಜಿ, ಒಡಹುಟ್ಟಿದವರು ಕೊಟ್ಟ ಉಡುಗೊರೆಗೂ ಇಲ್ಲ. ಚಿಕ್ಕಪ್ಪ ಅಣ್ಣನ ಮಗನಿಗೆ ಕೊಟ್ಟರೆ ತೆರಿಗೆ ಇಲ್ಲ. ಅಣ್ಣನ ಮಗ ಚಿಕ್ಕಪ್ಪನಿಗೆ ವರ್ಷದಲ್ಲಿ 50,000 ಮೀರಿ ಹಣ ಕೊಟ್ಟರೆ ಅದು ಚಿಕ್ಕಪ್ಪನ ಆದಾಯ. ಸೊಸೆಯ ಹೆಸರಿಗೆ ಠೇವಣಿ ಇಟ್ಟರೆ ಅದರ ಬಡ್ಡಿ ಕೊಟ್ಟ ಮಾವನ ಆದಾಯಕ್ಕೇ ಸೇರುತ್ತದೆ. ನಗದಾಗಿ 2 ಲಕ್ಷ ಅಥವಾ ಹೆಚ್ಚು ತೆಗೆದುಕೊಳ್ಳಬೇಡಿ, ದಂಡ ಬೀಳುವುದು ಹಣ ಪಡೆದವರಿಗೆ. ಬ್ಯಾಂಕಿನ ಮೂಲಕ ಕಳಿಸಿದರೆ ಲೆಕ್ಕವೂ ಉಳಿಯುತ್ತದೆ.

ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ, ಗೋವಾದಲ್ಲಿ ನೆಲೆಸಿದವರಿಗೆ?

ಮುಸ್ಲಿಂ ಕಾನೂನಿನಲ್ಲಿ ವಸೀಯತ್ತು (ಮೃತ್ಯುಪತ್ರ) ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದಕ್ಕಿಂತ ಹೆಚ್ಚಿಗೆ ನಡೆಯದು, ಸುನ್ನಿ ಕುಟುಂಬಗಳಲ್ಲಿ ವಾರಸುದಾರರೊಬ್ಬರಿಗೆ ಬರೆದರೆ ಉಳಿದವರ ಒಪ್ಪಿಗೆ ಬೇಕು. ವಾರಸಿನಲ್ಲಿ ಮಗಳಿಗೆ ಮಗನ ಅರ್ಧ. ಮಕ್ಕಳಿಗೆಲ್ಲ ಸಮ ಕೊಡಬೇಕೆಂದಿರುವ ತಂದೆ ಬದುಕಿರುವಾಗಲೇ ಹಿಬಾ (ದಾನ) ಮಾಡಬಹುದು. ಅದಕ್ಕೆ ಘೋಷಣೆ, ಒಪ್ಪಿಗೆ, ಸ್ವಾಧೀನ ಮೂರೂ ಆಗಬೇಕು. ಕ್ರೈಸ್ತರಲ್ಲಿ ಮೃತ್ಯುಪತ್ರ ಇಲ್ಲದಿದ್ದರೆ ವಿಧವೆಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಗಂಡು ಹೆಣ್ಣೆನ್ನದೆ ಸಮ. ಮಾಜಾಳಿ ಗಡಿ ದಾಟಿ ಗೋವಾದವರೇ ಆದ ಕುಟುಂಬಗಳಿಗೆ ಅಲ್ಲಿನ ನಾಗರಿಕ ಸಂಹಿತೆ ಅನ್ವಯಿಸುತ್ತದೆ. ಅಲ್ಲಿ ಅರ್ಧ ಆಸ್ತಿ ಮಕ್ಕಳ ಕಡ್ಡಾಯ ಪಾಲು, ಬದುಕಿದ್ದಾಗ ಮಕ್ಕಳಿಗೆ ಕೊಟ್ಟ ಕೊಡುಗೆಯನ್ನು ಹಿಸೆಯಲ್ಲಿ ಸೇರಿಸಿ ಲೆಕ್ಕ ಹಾಕುವ ನಿಯಮವೂ ಇದೆ. ಮೊದಲ ಪ್ರಶ್ನೆಯಲ್ಲಿ ನಾವು ಹೇಳಿದ ಲೆಕ್ಕ ಅಲ್ಲಿ ಕಾನೂನೇ ಆಗಿದೆ.

ಹಿರಿಯರು ತೀರಿಕೊಂಡ ಮೇಲೆ ಮೊದಲು ಏನು ಮಾಡಬೇಕು?

21 ದಿನದೊಳಗೆ ಮರಣ ನೋಂದಣಿ ಮಾಡಿಸಿ, ಪ್ರಮಾಣಪತ್ರದ ಏಳೆಂಟು ಪ್ರತಿ ತೆಗೆದಿಡಿ. ಅವರ ಎಟಿಎಂ ಕಾರ್ಡಿನಿಂದ ಹಣ ತೆಗೆಯಬೇಡಿ, ಉತ್ತರಕ್ರಿಯೆಯ ಖರ್ಚಿಗೂ ಬೇಡ. ಒಬ್ಬರು ಹಾಕಿಕೊಂಡು ಬಿಲ್ಲು ಇಟ್ಟರೆ ಆಮೇಲೆ ಎಲ್ಲರ ಪಾಲಿನಿಂದ ಹಿಡಿಯಬಹುದು. ವೈಕುಂಠ ಸಮಾರಾಧನೆ ಮುಗಿದು ಎಲ್ಲರೂ ಮನೆಯಲ್ಲಿರುವಾಗಲೇ ಪೆಟ್ಟಿಗೆ, ಕಪಾಟು ಎಲ್ಲರೆದುರು ತೆರೆದು, ಸಿಕ್ಕ ಬಂಗಾರವನ್ನು ತೂಗಿ ಪಟ್ಟಿ ಮಾಡಿ, ಎಲ್ಲರೂ ಸಹಿ ಹಾಕಿ. ನಂತರ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡಿ, ಹೆಣ್ಣು ಮಕ್ಕಳ ಹೆಸರು ಒಂದನ್ನೂ ಬಿಡದೆ. ಪಹಣಿಗೆ ವಾರಸಾ ದಾಖಲೆ ಮಾಡಿಸುವಾಗ ಸದ್ಯಕ್ಕೆ ಎಲ್ಲರ ಹೆಸರೂ ಜಂಟಿಯಾಗಿ ಬರಲಿ. ಯಾರಿಗೆ ಯಾವ ತುಂಡು ಎಂಬುದು ನಿಧಾನಕ್ಕೆ ಕುಳಿತು ವಾಟ್ಣಿ ಪತ್ರದಲ್ಲಿ ತೀರ್ಮಾನವಾಗಲಿ. ಸೊಸೈಟಿಯಲ್ಲಿ ಆ ವರ್ಷದ ಅಡಿಕೆ ಯಾರ ಖಾತೆಗೆ ಹಾಕುವುದೆಂದು ಮೊದಲೇ ಒಪ್ಪಿಕೊಂಡು ಬರೆದುಕೊಡಿ, ಏಕೆಂದರೆ ಕೊನೆ ಕೊಯ್ಲು ಹಿಸೆಗಾಗಿ ಕಾಯುವುದಿಲ್ಲ.